ಅಂಗಿಗೆ ಹತ್ತದ ನೀಲಿ

ಗೋಡೆಗೆ ಬಳಿಯಲು ಪೊಟ್ಟಣದಲ್ಲಿ ಬರುವ ಡಿಸ್ಟೆಂಪರಿಗಿಂತ ತೂಗಿ ಕೊಡುವ ಡಿಸ್ಟೆಂಪರ್ ಪುಡಿ ರಾತಲಿಗೆ ಎರಡಾಣೆ ಅಗ್ಗ ಎಂಬುದನ್ನು ಬೋಜಪ್ಪ ಕಂಡುಹಿಡಿದದ್ದೇ ಎಲ್ಲ ತೊಂದರೆಗೂ ಮೂಲವಾಯಿತು.

ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರವಿದ್ದ ಕಾಲ ಅದು. ಸಂಪಾಜೆ ಕಡೆಯ ಬೋಜಪ್ಪ ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಉಗ್ರಾಣದ ಲೆಕ್ಕ ಬರೆಯುವ ಸ್ಟೋರ್ ರೈಟರ್ ಆಗಿದ್ದ. ಪರೀಕ್ಷೆ ಮಾಡದೆ ಏನನ್ನೂ ನಂಬುವವನಲ್ಲ. ಪುತ್ತರಿ ಹಬ್ಬಕ್ಕೆ ಮುಂಚೆ ಕ್ವಾರ್ಟರ್ಸಿನ ಒಳಗೋಡೆಗೆ ಬಣ್ಣ ಆಗಬೇಕಿತ್ತು. ಮೂರು ಅಂಗಡಿಗಳಿಂದ ಮೂರು ನಮೂನೆ ತಂದು, ಬಾಗಿಲ ಹಿಂದೆ ಮೂರು ಚೌಕ ಬಳಿದು, ಹದಿನೈದು ದಿನ ಕಾದ. ದಿನಾ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಒಂದೊಂದು ಚೌಕಕ್ಕೂ ಬೆನ್ನು ಕೊಟ್ಟು ನಿಂತು, ಆಮೇಲೆ ಹೆಂಡತಿ ನೀಲಾವತಿಗೆ ಬೆನ್ನು ತೋರಿಸುತ್ತಿದ್ದ.

"ಹತ್ತಿದೆಯಾ?"

ಮೊದಲನೆಯದು ಅಂಗಿಗೆ ಹತ್ತಿತು. ಎರಡನೆಯದಕ್ಕೆ ಬೂಷ್ಟು ಹಿಡಿಯಿತು. ಮೂರನೆಯದು ವಿರಾಜಪೇಟೆಯ ತಿಳಿನೀಲಿ; ಅದಕ್ಕೆ ಎರಡು ದೋಷವೂ ಇರಲಿಲ್ಲ. ಅದನ್ನೇ ತೂಗಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿಸಿ ತಂದು, ಭಾನುವಾರ ಬಳಿದು ಮುಗಿಸಿದ.

ಸೋಮವಾರ ಸಾಮಾನ್ಯ ದಿನವಲ್ಲ. ಹೆಡ್ ರೈಟರ್ ಕೆಲಸ ಖಾಲಿಯಾಗಿತ್ತು. ಬೋಜಪ್ಪ, ಇಲ್ಲವೇ ಪಕ್ಕದ ಮನೆಯ ಫೀಲ್ಡ್ ರೈಟರ್ ಪೂವಯ್ಯ, ಇಬ್ಬರಲ್ಲಿ ಒಬ್ಬರಿಗೆ ಅದು ಸಿಗಬೇಕು. ಮನೆ ನೋಡಿದರೆ ರೈಟರನ ಕೆಲಸ ತಿಳಿಯುತ್ತದೆಂದು ನಂಬಿದ್ದ ಧಣಿ ಪೊನ್ನಪ್ಪನವರು ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಬೆಳಿಗ್ಗೆಯೇ ಪೂವಯ್ಯ ತನ್ನ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡು, ಬೋಜಪ್ಪನ ಬಣ್ಣ ನೋಡಲು ಬಂದ.

"ಎಂಥ ಮಾರಾಯ, ಮದ್ದನ್ನೇ ಬಳಿದುಬಿಟ್ಟಿದ್ದಿಯಲ್ಲ?"

"ಯಾವ ಮದ್ದು?"

"ಕಾಫಿ ಗಿಡಕ್ಕೆ ಹೊಡೆಯುವ ಮದ್ದು. ಮೈಲುತುತ್ತ, ಸುಣ್ಣ. ಎರಡು ತಿಂಗಳು ಅದರಲ್ಲೇ ಮಿಂದವ ನಾನು. ಬಣ್ಣ ಗೊತ್ತಾಗುದಿಲ್ವಾ?"

"ಇದು ಡಿಸ್ಟೆಂಪರ್. ವಿರಾಜಪೇಟೆಯದ್ದು."

"ಇರಬಹುದು. ಪೊಟ್ಟಣ ತೋರಿಸು."

ಪೊಟ್ಟಣ ಇರಲಿಲ್ಲ. ಪತ್ರಿಕೆಯಿಂದ ನೀಲಾವತಿ ಒಲೆ ಹಚ್ಚಿಯಾಗಿತ್ತು.

"ನಾನು ನಂಬ್ತೇನೆ. ಧಣಿ ನಂಬಬೇಕಲ್ಲ," ಎಂದ ಪೂವಯ್ಯ. "ತುತ್ತ ಇರುದು ಸ್ಟೋರಿನಲ್ಲಿ, ಸ್ಟೋರಿನ ಬೀಗದಕೈ ಇರುದು ನಿನ್ನ ಸೊಂಟದಲ್ಲಿ."

ಬೋಜಪ್ಪನ ಕೈ ಸೊಂಟ ಮುಟ್ಟಿ ನೋಡಿಕೊಂಡಿತು. ಹೆಡ್ ರೈಟರ್ ಕೆಲಸ ಹಾಗಿರಲಿ, ಇದ್ದ ಕೆಲಸವೂ ಬೀಗದಕೈಯ ಜೊತೆಗೇ ನೇತಾಡುತ್ತಿರುವಂತೆ ಕಂಡಿತು.

ಅವನಿಗೊಂದು ಉಪಾಯ ಹೊಳೆಯಿತು. ಮದ್ದಿನಲ್ಲಿ ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಕತ್ತಿಗೆ ತುತ್ತದ ತಾಮ್ರ ಹತ್ತಿ ಕೆಂಪಾಗುತ್ತದೆ. ಎಸ್ಟೇಟಿನಲ್ಲಿ ಎಲ್ಲರೂ ಬಲ್ಲ ಪರೀಕ್ಷೆ. ಡಿಸ್ಟೆಂಪರಿನಲ್ಲಿ ತಾಮ್ರವೇ ಇಲ್ಲ. ಕತ್ತಿ ಹೇಗೆ ಕೆಂಪಾದೀತು? ಹತ್ತು ವರ್ಷದಿಂದ ಮದ್ದು ಕಲಸುತ್ತಿದ್ದ ಬೀರನನ್ನು ಕರೆಸಿದ. ಬೀರನ ಹಿಂದೆಯೇ ಕೂಲಿಲೈನಿನವರು ಬಂದು ಕಿಟಕಿಗೆ ಜೇನುಹುಳದಂತೆ ಮುತ್ತಿಕೊಂಡರು.

ಬೀರ ಗೋಡೆ ಕೆರೆದು, ಪುಡಿಯನ್ನು ಬಟ್ಟಲ ನೀರಿಗೆ ಹಾಕಿ, ಕತ್ತಿ ಅದ್ದಿ ತೆಗೆದ. ಕತ್ತಿ ಹೊಳೆಯುತ್ತಿತ್ತು.

"ನೋಡಿದ್ರಾ?" ಎಂದ ಬೋಜಪ್ಪ ಕಿಟಕಿಯ ಕಡೆ ತಿರುಗಿ.

"ಒಳ್ಳೆ ಕೈ ರೈಟರೆ," ಎಂದ ಬೀರ. "ಸುಣ್ಣ ಹದವಾಗಿ ಬಿದ್ದಿದೆ. ನಾವು ಮಾಡಿದ್ದು ಒಮ್ಮೊಮ್ಮೆ ಕೆಂಪಾಗ್ತದೆ. ನಿಮ್ಮದು ಚೂರೂ ಇಲ್ಲ."

"ತುತ್ತವೇ ಇಲ್ಲ ಬೀರ, ಅದಕ್ಕೇ ಕೆಂಪಾಗಲಿಲ್ಲ."

"ತುತ್ತ ಇಲ್ಲದೆ ಇಷ್ಟು ನೀಲಿ ಎಲ್ಲಿಂದ ಬರ್ತದೆ?"

ಕಿಟಕಿಯಲ್ಲಿದ್ದವರು ತಲೆದೂಗಿದರು. ಕಳ್ಳನಿಗೂ ಸಾಚಾನಿಗೂ ಒಂದೇ ಉತ್ತರ ಕೊಡುವ ಪರೀಕ್ಷೆಯನ್ನು ಮಾಡಲೇಬಾರದಿತ್ತೆಂದು ಬೋಜಪ್ಪನಿಗೆ ತಡವಾಗಿ ಅರ್ಥವಾಯಿತು.

"ನಾನಾದರೆ ಮೇಲಿಂದ ಸುಣ್ಣ ಹೊಡೆದುಬಿಡ್ತಿದ್ದೆ," ಎಂದು ಪೂವಯ್ಯ ಎದ್ದು ಹೋದ.

ಸ್ಟೋರಿನಲ್ಲಿ ಸುಣ್ಣದ ಮೂಟೆಗಳೇ ಇದ್ದವು. ಮುಟ್ಟುವ ಧೈರ್ಯವಾಗಲಿಲ್ಲ. ಬೋಜಪ್ಪ ಎರಡು ಮೈಲಿ ನಡೆದು ಪಾಲಿಬೆಟ್ಟದಿಂದ ಸುಣ್ಣ ಕೊಂಡು ಹೊತ್ತು ತಂದ. ಮೊದಲ ಕೈಗೆ ಕೆಳಗಿನ ಡಿಸ್ಟೆಂಪರ್ ನೆನೆದು ಕುಂಚಕ್ಕೇ ಬಂತು. ಸುಣ್ಣದ ಬಾಲ್ದಿಯೇ ನೀಲಿಯಾಗಿ, ಈಗ ಅದು ಯಾರು ನೋಡಿದರೂ ಮದ್ದಿನ ಹಾಗೇ ಕಾಣತೊಡಗಿತು. ಎರಡನೆಯ ಕೈಗೆ ಗೋಡೆ ಹಾಲು ಕುಡಿದ ಎಮ್ಮೆಕರುವಿನ ಮೂತಿಯಂತಾಯಿತು. ಮೂರನೆಯ ಕೈ ಮುಗಿದಾಗ ಮೂರೂವರೆ. ನೀಲಾವತಿ ಸೊಪ್ಪಿನ ಬುಟ್ಟಿಯ ಮುಚ್ಚಳದಿಂದ ಗೋಡೆಗೆ ಗಾಳಿ ಬೀಸಿದಳು. ನಾಲ್ಕಕ್ಕೆ ಸುಮಾರಾಗಿ ಬಿಳಿ ಎನ್ನಬಹುದಾಗಿತ್ತು.

ಪೊನ್ನಪ್ಪನವರು ಬಂದು ನಡುಮನೆಯಲ್ಲಿ ನಿಂತು ಸುತ್ತ ನೋಡಿದರು.

"ಎಂಥದಿದು, ಸುಣ್ಣವಾ? ನೀಲಿ ಅಂತ ಹೇಳಿದ ಬೀರ."

ಬೋಜಪ್ಪನಿಗೆ ತಡೆಯಲಾಗಲಿಲ್ಲ. ಮೂರು ಚೌಕ, ಬಿಳಿ ಅಂಗಿ, ಎರಡಾಣೆ, ಒಲೆಗೆ ಹೋದ ಪತ್ರಿಕೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಅಂದರೆ ಅದು ಮದ್ದಲ್ಲ?"

"ಅಲ್ಲವೇ ಅಲ್ಲ ಧಣಿ. ಆಣೆ ಮಾಡ್ತೇನೆ."

"ಛೆ," ಎಂದರು ಪೊನ್ನಪ್ಪನವರು. ಮುಖ ಸಪ್ಪಗಾಯಿತು. "ಬಂಗಲೆಯ ಗೋಡೆಯೆಲ್ಲ ಬೂಷ್ಟು. ಎಲೆಗೆ ರೋಗ ಬಾರದ ಹಾಗೆ ಮಾಡುವ ಮದ್ದು ಗೋಡೆಗೂ ಆದೀತಲ್ಲ ಅಂತ ಬೀರ ಹೇಳಿದಾಗಲೇ ಹೊಳೆಯಿತು. ಅದನ್ನೇ ನೋಡುವ ಅಂತ ಬಂದೆ."

ಬಾಗಿಲಲ್ಲಿ ಪೂವಯ್ಯ ಕೆಮ್ಮಿದ.

"ಹಾಗಾದರೆ ನಮ್ಮಲ್ಲಿ ಉಂಟು ಧಣಿ."

ಅವನ ಹಿಂದಿನ ಕೋಣೆ ತಿಳಿನೀಲಿಯಾಗಿತ್ತು. ಸೆಪ್ಟೆಂಬರಿನಲ್ಲಿ ಮದ್ದು ಹೊಡೆದು ಪೀಪಾಯಿಯ ತಳದಲ್ಲಿ ಉಳಿದದ್ದು. ಮರುದಿನಕ್ಕೆ ಇಡಲಾಗದೆ ತೋಡಿಗೆ ಚೆಲ್ಲಬೇಕಾದದ್ದು. ಮೂಲೆಯಲ್ಲೂ ಬೂಷ್ಟಿನ ಗುರುತಿರಲಿಲ್ಲ. ಪೊನ್ನಪ್ಪನವರು ಬೆರಳಿನಿಂದ ಸವರಿದರು, ಬೆರಳಿಗೆ ಹತ್ತಿದ ನೀಲಿಯನ್ನು ಪಂಚೆಗೆ ಒರೆಸಿಕೊಂಡರು.

"ಕಂಡೆಯಾ ಬೋಜಪ್ಪ? ಇವ ಚೆಲ್ಲುವ ನೀರಿನಲ್ಲಿ ಕೋಣೆ ಮಾಡಿದ. ನೀನು ದುಡ್ಡು ಕೊಟ್ಟು ಒಂದು ಬಳಿದೆ, ಮತ್ತೆ ದುಡ್ಡು ಕೊಟ್ಟು ಅದನ್ನು ಮುಚ್ಚಿದೆ. ಹೆಡ್ ರೈಟರ್ ಯಾರಾಗಬೇಕು, ನೀನೇ ಹೇಳು."

ಬೋಜಪ್ಪ ಹೇಳುವ ಅಗತ್ಯ ಬೀಳಲಿಲ್ಲ.

ಹೊಸ ಹೆಡ್ ರೈಟರ್ ಪೂವಯ್ಯನ ಮೊದಲ ಆರ್ಡರು ಮಂಗಳವಾರ ಬಂತು: ಎಲ್ಲ ಕ್ವಾರ್ಟರ್ಸಿಗೂ ಮದ್ದು ಬಳಿಯತಕ್ಕದ್ದು, ಸ್ಟೋರ್ ರೈಟರನ ಮನೆಯಿಂದ ಶುರು. ಬೀರ ಮದ್ದು ಕಲಸಿ, ಕತ್ತಿ ಅದ್ದಿ ನೋಡಿ, ಬಳಿದು ಹೋದ. ಸಂಜೆಗೆ ಗೋಡೆ ಒಣಗಿತು.

ಬೋಜಪ್ಪ ಬಿಳಿ ಅಂಗಿ ತೊಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತು, ನೀಲಾವತಿಯ ಕಡೆ ತಿರುಗಿದ.

"ಹತ್ತಿದೆಯಾ?"

"ಹತ್ತಿದೆ," ಎಂದಳು ನೀಲಾವತಿ. ಅಂಗಿಯನ್ನೂ ಗೋಡೆಯನ್ನೂ ಸ್ವಲ್ಪ ಹೊತ್ತು ನೋಡಿದಳು. "ಆದರೆ ಬಣ್ಣ ಮಾತ್ರ ಭಾನುವಾರದ್ದೇ."