ಮಾಮಾನ ಭುಜದಾಗಿನ ಏಳು ಸ್ಕ್ರೂ

ನಮ್ಮ ಮಾಮಾ ದೇವರನ್ನ ನಂಬ್ತಾನೋ ಇಲ್ಲೋ ಗೊತ್ತಿಲ್ಲ, ಇನ್ನೊಬ್ರು ಬಿಗಿ ಮಾಡಿದ ನಟ್ ಮಾತ್ರ ಸತ್ರೂ ನಂಬಂಗಿಲ್ಲ! ಹುನಗುಂದದಾಗ ಬೋರವೆಲ್ ಪಂಪ್ ರಿಪೇರಿ ಮಾಡಾಂವ. ಮದುವಿ ಊಟಕ್ಕ ಕುಂದ್ರೂ ಮೊದ್ಲ ತಲಿ ಮ್ಯಾಲಿನ ಫ್ಯಾನ್ ಪರೀಕ್ಷಾ ಮಾಡ್ತಾನ. ಕಟಿಂಗ್ ಅಂಗಡ್ಯಾಗ ಖುರ್ಚಿ ನಟ್ ತಾನ ತಿರುವಿ, ಆಮ್ಯಾಲೆ ತಲಿ ಕೊಡ್ತಾನ. ನೋಡಿದ ಮಂದಿ ಏನಂದಾರು ಅನ್ನೂ ಖಬರ್ ಬ್ಯಾಡೇನು?

ಇಂಥಾ ಪುಣ್ಯಾತ್ಮ ಕಮತಗಿ ಹತ್ರ ಬೈಕಿನಿಂದ ಬಿದ್ದು ಎಡಗಡೆ ಕಾಲರ್ ಬೋನ್, ಅಂದ್ರ ಕುತ್ತಿಗಿ ಬುಡದಿಂದ ಭುಜಕ್ಕ ಹೋಗೂ ಎಲುಬು, ಮುರಕೊಂಡ. ಬಾಗಲಕೋಟಿ ದವಾಖಾನ್ಯಾಗ ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ರು. ಎಚ್ಚರಾದ ಕೂಡ್ಲೆ "ಯವ್ವಾ" ಅನ್ಲಿಲ್ಲ, "ಯಪ್ಪಾ" ಅನ್ಲಿಲ್ಲ. ಎಕ್ಸ್-ರೇ ಇಸಕೊಂಡು ಕಿಡಕಿ ಬೆಳಕಿಗೆ ಹಿಡದ.

"ಡಾಕ್ಟ್ರ, ಏಳು ಸ್ಕ್ರೂ ಹಾಕೀರಿ. ಒಂದಕ್ಕೂ ವಾಷರ್ ಇಲ್ಲಲ್ರಿ!"

"ಎಲುಬಿಗೆ ವಾಷರ್ ಬೇಕಾಗಂಗಿಲ್ರಿ ಯಜಮಾನ್ರ."

"ಮೂರು ಎಚ್‌ಪಿ ಮೋಟರ್‌ಗೇ ಬೇಕು, ನನಗ ಬ್ಯಾಡೇನ್ರಿ?"

ಮುಗೀತು! ಕೈ ಅಳ್ಳಾಡಿದ್ರ ಸ್ಕ್ರೂ ಸಡ್ಲ ಆಗ್ತಾವಂತ ತಾನ ತೀರ್ಪು ಕೊಟ್ಟ. ಎಡಗೈ ಹೊಟ್ಟಿ ಮ್ಯಾಲ ಇಟ್ಟು, ಮನಿ ತುಂಬ ಮಹಾರಾಜನಂಗ ಅಡ್ಡಾಡಿದ. ಅಂಗಿ ತೊಡಸಾಕ ಅತ್ತಿ, ಗುಂಡಿ ಹಾಕಾಕ ಅತ್ತಿ.

ಒಂದೂವರೆ ತಿಂಗಳಾದ ಮ್ಯಾಲ ಡಾಕ್ಟರು, "ಗ್ವಾಡಿ ಮ್ಯಾಲ ಬೆರಳು ಹತ್ತಿಸ್ಕೋತ ದಿನಾ ಕೈ ಮ್ಯಾಲೆತ್ತ್ರಿ" ಅಂದ್ರು. ಮಾಮಾ ಏನು ಮಾಡಿದ? "ಮೊದ್ಲ ನೀ ಮಾಡಿ ತೋರ್ಸು" ಅಂತ ಅತ್ತೀನ್ನ ಗ್ವಾಡಿಗೆ ನಿಲ್ಲಿಸಿ ತಾನು ಕುಂತು ಎಣಿಸಿದ! ಹದಿನೈದು ದಿನದಾಗ ಅತ್ತಿ ಭುಜ ಫಸ್ಟ್ ಕ್ಲಾಸ್ ಆತು.

ಮತ್ತ ತೋರಿಸ್ಕೊಂಡು ಬರಾಕ ಹೋದಾಗ ಜೋಡಿ ನಾನಿದ್ದೆ. ಡಾಕ್ಟರು ಕೈ ಎತ್ತಿ ನೋಡಿದ್ರು, ಮಾಮಾ ಚೀರಿದ. "ಪ್ಲೇಟ್ ಗಟ್ಟಿ ಐತಿ, ಎಲುಬು ಕೂಡೇತಿ. ಭುಜ ಹಿಡಕೊಳ್ಳಾಕತ್ತೈತಿ. ಹಿಂಗ ಬಿಟ್ರ ಪಂಪ್ ಎತ್ತೂ ಕೆಲಸ ಮರತಬಿಡ್ರಿ."

ಮಾಮಾನ ಮಾರಿ ಸಣ್ಣದಾತು. ಪಂಪ್ ಮುಟ್ಟದ ದಿನ ಉಂಡದ್ದು ಮೈಗೆ ಹತ್ತಂಗಿಲ್ಲ ಅಂವಗ. "ಹಂಗಾರ ಕೈ ಎತ್ತು ಮಾಮಾ!" ಅಂತ ಅಲ್ಲೇ ಜಗಳಾ ತಗದೆ.

"ಅಂಜಿಕಿ ಬರ್ತೈತವಾ," ಅಂದ.

ತಿರಗಿ ಬರೂವಾಗ ಬಸ್ ಗಚ್ಚಾಗಿ ತುಂಬಿತ್ತು. ಗಾಯದ ಗುರುತು ತೋರಿಸಿ ಮಾಮಾ ಒಂದು ಸೀಟು ಗಿಟ್ಟಿಸಿದ, ನಾ ಬಾಜೂಕ ನಿಂತೆ. ಮುಂಜಾನಿಂದ ನನ್ನ ಮೈ ಕಾದಿತ್ತು, ಯಾರಿಗೂ ಹೇಳಿರ್ಲಿಲ್ಲ. ಕಮತಗಿ ಸಮೀಪ ಕಣ್ಣಿಗೆ ಕತ್ತಲಿ ಬಂದು ವಾಲಿದೆ.

ಮಾಮಾ ದಡಕ್ಕನ ಎದ್ದ. "ಇಷ್ಟು ಜ್ವರ ಬಂದಾವು, ಬಾಯಿ ಇರ್ಲಿಲ್ಲೇನ ನಿನಗ?" ಅಂತ ಬೈದು ನನ್ನ ಕುಂದರಿಸಿದ. ಮುಂದಿನ ಸೀಟಿಗೆ ತಲಿ ಬಡೀಬಾರ್ದಂತ ಬಲಗೈಲೆ ನನ್ನ ತಲಿ ತನ್ನ ಹೊಟ್ಟಿಗೆ ಒತ್ತಿ ಹಿಡದ. ಡ್ರೈವರ್ ಬ್ರೇಕ್ ಹಾಕಿದ. ಮಾಮಾನ ಎಡಗೈ ಎದಿ ಮಟ ಹೋತು, ಕಿವಿ ಮಟ ಹೋತು, ಕಡೀಕ ಮ್ಯಾಲಿನ ಕಂಬಿ ಹಿಡೀತು. ಹಲ್ಲು ಕಚ್ಚಿದ್ದ. ಹಣಿ ತುಂಬ ಬೆವರು.

"ಮಾಮಾ, ಕೈ ಇಳಿಸು. ನಾ ಆರಾಮ ಅದೇನಿ."

"ಸುಮ್ಕ ಮಕ್ಕೋ."

ಎರಡು ತಿಂಗಳು ಓಣಿ ತುಂಬ ಅಂವನ ಕಥಿ ಹೇಳ್ಕೋತ ನಕ್ಕಾಕಿ ನಾನು. ನನಗ ಭಾಳ ನಾಚಿಕಿ ಆತು, ಆ ಹೊಟ್ಟಿಗೆ ಮಾರಿ ಒತ್ತಿ ಅತ್ತಬಿಟ್ಟೆ. ಜ್ವರದ ಸಂಕಟಕ್ಕ ಅಳಾಕತ್ತಾಳಂತ ತಿಳದು, ಹುನಗುಂದ ಬರೂಮಟ ಮಾಮಾ ಕಂಬಿ ಬಿಡಲಿಲ್ಲ.