ಹದಿನೆಂಟು ಅಂಗಿ, ಒಂದು ರುಮಾಲು

ಮನುಷ್ಯನಿಗೆ ತನಗೆ ಗೊತ್ತಿರುವ ಒಂದೇ ಒಂದು ವಿದ್ಯೆಯ ಮೇಲೆ ಎಂಥ ಸೊಕ್ಕು ಇರುತ್ತದೆಂದರೆ, ಗೊತ್ತಿಲ್ಲದ ಸಾವಿರ ಸಂಗತಿಗಳನ್ನೂ ಅದರಿಂದಲೇ ಅಳೆಯಲು ಹೊರಡುತ್ತಾನೆ. ಮಂದಿಯ ಮೇಲೆ ಹಾಕಿ ಹೇಳುತ್ತಿಲ್ಲ, ಇದು ನನ್ನದೇ ಕಥೆ. ಶಹಾಬಾದಿನ ಫರಸಿ ಕಲ್ಲಿನ ಅಂಗಳದಲ್ಲಿ ಮೂವತ್ತು ವರ್ಷ ಕಲ್ಲು ಅಳೆದವನು ನಾನು. ಓದು ಅಂದರೆ ಮಠದ ಐನೋರ ಮುಂದೆ ಕುಳಿತು ಎರಡು ಮಳೆಗಾಲ ಉಸುಕಿನಲ್ಲಿ ಅಕ್ಷರ ತೀಡಿದ್ದು, ಅಷ್ಟೇ. ಆದರೆ ಯಾವ ಮನೆಯ ಹೊಸ್ತಿಲಲ್ಲಾದರೂ ನಿಲ್ಲಿಸಿರಿ, ಒಳಗೆ ಒಂದು ಸಲ ಕಣ್ಣಾಡಿಸಿ ‘ಈ ಪಡಸಾಲಿಗೆ ಇನ್ನೂರಾ ಹನ್ನೆರಡು ಫರಸಿ’ ಎಂದರೆ ಇನ್ನೂರ ಹನ್ನೆರಡೇ ಹಿಡಿಯುತ್ತವೆ. ಒಮ್ಮೆ ಹೈದರಾಬಾದಿನ ಒಂದು ಹವೇಲಿಗೆ ಹೀಗೆ ಅಂದಾಜು ಹೇಳಿದೆ: ಒಂದೂ ಕಲ್ಲು ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಅಂಗಳದ ಮಾಲೀಕರು ಎಲ್ಲರ ಎದುರು ನನ್ನ ತಲೆಗೆ ಒಂದು ರುಮಾಲು ಸುತ್ತಿದರು. ಹದಿನಾರು ಮೊಳದ ನಯವಾದ ಬಿಳಿ ಬಟ್ಟೆ. ಹನ್ನೆರಡು ವರ್ಷ ಅದು ನನ್ನ ತಲೆಯ ಮೇಲಿತ್ತು. ಅದನ್ನು ಸುತ್ತಿಕೊಳ್ಳದೆ ನಾನು ಓಣಿ ದಾಟಿದ್ದಿಲ್ಲ.

ಹೀಗಿರುವಾಗ ಸೇಡಂದಿಂದ ಒಬ್ಬ ಮನುಷ್ಯ ಬಂದು ಕೈಯಲ್ಲಿ ಸಕ್ಕರೆ ಹಾಕಿ, ‘ನಿಮ್ಮ ಸೊಸಿ ನೀಲವ್ವ ಹಡದಾಳ್ರಿ, ಹೆಣ್ಣುಕೂಸು’ ಎಂದ. ಮೊದಲ ಮೊಮ್ಮಗಳು! ನಾನು ಆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆನೋ ಮೀಸೆಗೆ ಹಾಕಿಕೊಂಡೆನೋ ಗೊತ್ತಿಲ್ಲ. ಸಂಜೆಯವರೆಗೆ ಇರುವೆ ನನ್ನ ಬೆನ್ನು ಬಿಡಲಿಲ್ಲ. ಮಗ ಬಸಣ್ಣ ಅದೇ ಗಾಡಿಗೆ ಸೇಡಂಗೆ ಹೋದ. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುವುದು. ಅಂದು ನಾನೂ ನಮ್ಮಾಕೆ ಗುರವ್ವನೂ ಹೋಗಬೇಕು. ನಮ್ಮ ಮನೆತನದ ವಾಡಿಕೆಯಲ್ಲಿ ತೊಟ್ಟಿಲು ತವರಿನವರದು, ಅರಿವೆ ನಮ್ಮದು. ಆಗ ನನ್ನ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು: ಆಗತಾನೆ ಹುಟ್ಟಿದ ಕೂಸಿಗೆ ಅರಿವೆ ಎಷ್ಟು ಬೇಕು?

ನಗಬೇಡಿರಿ. ನಾಲ್ಕು ಮಕ್ಕಳ ತಂದೆಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಾಲದಲ್ಲಿ ತಂದೆಯಾದವನು ಹಿರಿಯರ ಎದುರು ಕೂಸನ್ನು ಎತ್ತಿಕೊಳ್ಳುತ್ತಲೂ ಇರಲಿಲ್ಲ. ಅದು ಏನು ತೊಟ್ಟಿದೆ ಎಂದು ನೋಡುವುದು ದೂರವೇ ಉಳಿಯಿತು. ಐನೋರನ್ನು ಕೇಳಿದೆ. ‘ಲಿಂಗ ಕಟ್ಟಿದ್ವಿ ಅಂದ್ರ ಮುಗೀತು ಶರಣಪ್ಪ, ಮ್ಯಾಲಿಂದೆಲ್ಲ ಸಂಸಾರ’ ಎಂದರು. ಅಂದರೆ ಸೊನ್ನೆ. ಸ್ಟೇಷನ್ನಿನ ಬಾಬು ‘ಎಲ್ಲಾ ಒಂದೊಂದು ಡಜನ್’ ಎಂದರು. ಪಕ್ಕದ ಮನೆಯ ಮಲ್ಲವ್ವ, ಆಕೆಗೂ ಆಗ ಎರಡು ತಿಂಗಳ ಕೂಸು, ‘ತಲಿಗಿ ಒಂದೆರಡು ಕುಂಚಿಗಿ, ಮೈಗಿ ನಾಕು ಅಂಗಿ ಸಾಕ್ರಿ ಕಾಕಾ, ಉಳಿದದ್ದೆಲ್ಲ ಹಳೇ ಸೀರಿ’ ಎಂದಳು. ಸೊನ್ನೆ, ನಾಲ್ಕು, ಹನ್ನೆರಡು. ಫರಸಿಯಲ್ಲಿ ಇಷ್ಟು ಫರಕು ಬಂದರೆ ಮಾಲೀಕರು ಮನೆಗೆ ಕಳಿಸುತ್ತಾರೆ. ನಾನೇ ಅಳೆಯಬೇಕೆಂದು ನಿಶ್ಚಯಿಸಿದೆ.

ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕುಳಿತು ಮಲ್ಲವ್ವನ ಕೂಸನ್ನು ನೋಡತೊಡಗಿದೆ. ಅದು ಒದ್ದೆ ಮಾಡಿಕೊಂಡಾಗಲೆಲ್ಲ ಪಕ್ಕದಲ್ಲಿ ಒಂದು ಕಲ್ಲುಹರಳು ಇಟ್ಟೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಂಬತ್ತು ಹರಳು ಆಗಿದ್ದವು. ಹತ್ತನೆಯದಕ್ಕೆ ಕಾಯುತ್ತಿದ್ದಾಗ ಮಲ್ಲವ್ವ ಹೊರಬಂದು, ‘ಕಾಕಾ, ಮುಂಜಾನಿಂದ ನೋಡಾಕತ್ತೀನಿ, ನನ್ನ ಕೂಸಿಗಿ ಕಣ್ಣು ಹಚ್ಚಬ್ಯಾಡ್ರಿ’ ಎಂದು ಕೂಸನ್ನು ಒಳಗೆ ಒಯ್ದು ಉಪ್ಪು ಇಳಿಸಿ ಒಲೆಗೆ ಹಾಕಿದಳು. ಚಟಚಟ ಸದ್ದು ನನಗೆ ಕೇಳಿಸಿತು. ಇರಲಿ, ಅರ್ಧ ದಿನಕ್ಕೆ ಒಂಬತ್ತು, ಪೂರ್ತಿ ದಿನಕ್ಕೆ ಹದಿನೆಂಟು. ಅಂದಾಜು ಸಿಕ್ಕಿತು.

ನೇರ ದರ್ಜಿ ಇಮಾಮಸಾಬನ ಹತ್ತಿರ ಹೋದೆ. ಅದು ಲಡಾಯಿಯ ಕಾಲ. ನಯವಾದ ಬಟ್ಟೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕಂಟ್ರೋಲ್ ಅಂಗಡಿಯಲ್ಲಿ ಸಿಕ್ಕ ದಪ್ಪನೆಯ, ಗಂಜಿ ಹಾಕಿದ ಬಟ್ಟೆಯೊಂದನ್ನು ಅವನ ಮುಂದೆ ಇಟ್ಟು ‘ಹದಿನೆಂಟು ಅಂಗಿ’ ಎಂದೆ.

‘ಹದಿನೆಂಟು? ಎಷ್ಟು ಕೂಸು ಹಡದಾಳ ಸೊಸಿ?’

‘ಒಂದ ಹಡದಾಳ. ನೀ ಹೊಲಿ.’

‘ನಾಪು ಹೇಳು ಮತ್ತ.’

‘ನಾ ಎಲ್ಲಿ ನೋಡೀನಿ? ಒಂದು ಫೂಟು ಅಗಲ, ಒಂದು ಫೂಟು ಉದ್ದ ಇಡು.’

ಇಮಾಮಸಾಬ ಕತ್ತರಿ ಕೆಳಗಿಟ್ಟ. ‘ಶರಣಪ್ಪಾ, ಕೂಸು ಅಂದ್ರ ಫರಸಿ ಅಲ್ಲೋ ಮಾರಾಯಾ. ಅದು ಚೌಕ ಇರಂಗಿಲ್ಲ.’

ನಾನು ಒಪ್ಪಲಿಲ್ಲ. ಹದಿನೆಂಟೂ ಅಂಗಿ ಒಂದೇ ಅಳತೆ, ಒಂದರ ಮೇಲೊಂದು ಇಟ್ಟರೆ ಅಂಚು ಹೆಚ್ಚು ಕಡಿಮೆ ಇಲ್ಲ. ಮನೆಗೆ ತಂದು ಗುರವ್ವನ ಮುಂದೆ ಜೋಡಿಸಿದೆ. ಹರಳಿನ ಲೆಕ್ಕವನ್ನೂ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಆತು ನಕ್ಕಳು. ‘ಅಲ್ರಿ, ಕೂಸು ಒದ್ದಿ ಮಾಡೂದು ಎಲ್ಲಿ, ನೀವು ಅಂಗಿ ತೊಡಸೂದು ಎಲ್ಲಿ! ಹದಿನೆಂಟು ಹರಳು ಅಂದ್ರ ಹದಿನೆಂಟು ಲಂಗೋಟಿ ಆಗಬೇಕಿತ್ತು!’

ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಳದ ನೆಲ ಅಳೆದು ಗೋಡೆಗೆ ಕಲ್ಲು ಹೇಳಿದ ಹಾಗಾಗಿತ್ತು. ಆದರೂ ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದುಂಟೇ? ‘ಅಂಗಿ ಹೆಚ್ಚಾದ್ರ ಏನು ಕೆಡತದ?’ ಎಂದೆ. ಆಕೆ ತನ್ನ ಹಳೆಯ ಎರಡು ಸೀರೆ, ನನ್ನ ಸವೆದ ಧೋತ್ರ ಎಲ್ಲವನ್ನೂ ಹರಿದು, ಮಡಚಿ, ಒಂದು ಗಂಟು ಕಟ್ಟಿದಳು. ‘ಕೂಸಿಗಿ ಹಳೇ ಅರಿವೀನ ಬೇಕ್ರಿ. ಹೊಸಾದು ಮೈ ಕೆರೀತದ’ ಎಂದಳು.

ಇಲ್ಲಿ ನಾನು ಮಾಡಿದ್ದನ್ನು ನಿಮ್ಮೆದುರು ಹೇಳಿಬಿಡುತ್ತೇನೆ. ಬೀಗರ ಮನೆಗೆ ಚಿಂದಿಯ ಗಂಟು ಹೊತ್ತು ಹೋಗುವುದೇ? ಶಹಾಬಾದದ ಶರಣಪ್ಪ ಮೊಮ್ಮಗಳಿಗೆ ಹರಕು ತಂದ ಅಂತ ಸೇಡಂ ಮಂದಿ ಆಡಿಕೊಳ್ಳಲಿಕ್ಕಿಲ್ಲವೇ? ಹೊರಡುವ ಗದ್ದಲದಲ್ಲಿ ಆ ಗಂಟನ್ನು ಜೋಳದ ಗುಮ್ಮಿಯ ಹಿಂದೆ ತಳ್ಳಿ, ಹದಿನೆಂಟು ಅಂಗಿಯ ಗಂಟನ್ನು ಮಾತ್ರ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿದೆ.

ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ ದಾಟುವಾಗಲೇ ಜಿಟಿಜಿಟಿ ಮಳೆ. ಸೇಡಂದಲ್ಲಿ ಇಳಿದರೆ ಅಲ್ಲಿ ಮಳೆ ಹಿಡಿದು ಆಗಲೇ ನಾಲ್ಕು ದಿನವಾಗಿತ್ತು. ಬೀಗರು ಬಾಗಿಲಲ್ಲಿ ‘ಬರ್ರಿ ಬರ್ರಿ, ಕುಂದ್ರಿ’ ಎಂದು ಕರೆದರು. ಅವರ ತಲೆಯ ಮೇಲೆ ರುಮಾಲಿಲ್ಲ! ಹೆಗಲಿಗೆ ಹಾಕುವ ಒಂದು ಒದ್ದೆ ವಲ್ಲಿಯನ್ನು ಸುತ್ತಿಕೊಂಡಿದ್ದರು. ಬೀಗ ಬಂದಾಗ ತಲೆಗೆ ಸರಿಯಾಗಿ ಸುತ್ತಿಕೊಳ್ಳಲಾರದ ಇವನೆಂಥ ಮನುಷ್ಯ ಎಂದು ನನಗೆ ಒಳಗೇ ಅಸಮಾಧಾನವಾಯಿತು. ನನ್ನ ರುಮಾಲಿನ ಮಡಿಕೆಯನ್ನು ಸರಿಪಡಿಸಿಕೊಂಡೆ.

ಒಳಗೆ ಹೋದರೆ ಪಡಸಾಲೆಯ ಉದ್ದಕ್ಕೂ ಹಗ್ಗ, ಹಗ್ಗದ ತುಂಬ ಒದ್ದೆ ಅರಿವೆಯ ತುಂಡು. ತಲೆ ಬಗ್ಗಿಸದೆ ನಡೆಯುವ ಹಾಗಿಲ್ಲ. ಆ ತೋರಣದ ಕೆಳಗೆ, ನೀಲವ್ವನ ತೊಡೆಯ ಮೇಲೆ, ನನ್ನ ಮೊಮ್ಮಗಳು. ಅದರ ಮುಷ್ಟಿ ನನ್ನ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಅಷ್ಟು ಸಣ್ಣ ಮುಷ್ಟಿಗೂ ಐದು ಬೆರಳು, ಐದು ಬೆರಳಿಗೂ ಉಗುರು! ಯಾರು ಯಾವ ಉಳಿಯಿಂದ ಕೆತ್ತಿದರೋ ಎಂದು ನಾನು ಬಾಯಿ ತೆರೆದು ನೋಡುತ್ತ ನಿಂತೆ. ಕೂಸೂ ಬಾಯಿ ತೆರೆಯಿತು. ಒದ್ದೆಯಾಗಿತ್ತು.

‘ಒಂದೂ ಒಣಗವಲ್ದು ನೋಡ್ರಿ’ ಎಂದರು ಬೀಗತಿ. ‘ಒಲಿ ಮುಂದ ಹಿಡದು ಹಿಡದು ಕೈ ಸುಟ್ಟಾವ. ನನ್ನ ಸೀರಿ ಮುಗದ್ವು, ಇವರ ಧೋತ್ರ ಮುಗದ್ವು.’

‘ಚಿಂತಿ ಬಿಡ್ರಿ’ ಎಂದು ನಾನು ಗಂಟು ಬಿಚ್ಚಿ ಹದಿನೆಂಟು ಅಂಗಿ ಸುರಿದೆ. ಬೀಗತಿ ಒಂದನ್ನು ಎತ್ತಿ ಹಿಡಿದರು. ಅದು ಬಾಗದೆ ಹಾಗೆಯೇ ನಿಂತಿತು. ನನ್ನ ಮನಸ್ಸಿಗೆ ನೋವಾಗಬಾರದೆಂದು ತೊಡಿಸಿದರು. ಕೂಸಿನ ಕೈ ಎರಡೂ ಕಡೆಗೆ ಕಟ್ಟಿಗೆಯ ಹಾಗೆ ಚಾಚಿಕೊಂಡವು, ಗದ್ದ ಅಂಗಿಯೊಳಗೆ ಇಳಿಯಿತು. ಆಮೇಲೆ ಎಂಥ ಅಳು! ಬಿಚ್ಚಿ ನೋಡಿದರೆ ಎಳೆಯ ಕತ್ತಿನ ಸುತ್ತ ಕೆಂಪು ಗೆರೆ. ಹದಿಮೂರು ದಿನದ ಜೀವಕ್ಕೆ ಅಜ್ಜ ಕೊಟ್ಟ ಮೊದಲ ಕಾಣಿಕೆ. ನನಗೆ ನಿಂತ ನೆಲ ಇಬ್ಬಾಗವಾಗಬಾರದೇ ಅನ್ನಿಸಿತು.

‘ಹಳೇ ಅರಿವೀ ಗಂಟು ಎಲ್ಲಿ ಇಟ್ಟೀರಿ? ತೆಗೀರಿ ಲಗೂನ’ ಎಂದಳು ಗುರವ್ವ.

ನಾನು ತೊಲೆಗಳನ್ನು ಎಣಿಸತೊಡಗಿದೆ.

‘ನಿಮ್ಮನ್ನ ಕೇಳಾಕತ್ತೀನಿ.’

‘ಗುಮ್ಮಿ ಹಿಂದ...’ ಎಂದೆ.

ಕೂಸು ಬತ್ತಲೆಯಾಗಿ, ತಂಪುಗಾಳಿಗೆ ನಡುಗುತ್ತ ಅಳುತ್ತಿತ್ತು. ಗುರವ್ವ ಮನೆಯೆಲ್ಲ ಕಣ್ಣಾಡಿಸಿದಳು. ಹಗ್ಗದ ಮೇಲಿನದೆಲ್ಲ ಒದ್ದೆ, ಗಂಟಿನೊಳಗಿನದೆಲ್ಲ ಗಂಜಿ. ಆಕೆಯ ಕಣ್ಣು ಮೆಲ್ಲಗೆ ಮೇಲೇರಿ ನನ್ನ ತಲೆಯ ಮೇಲೆ ನಿಂತಿತು. ಬೀಗತಿಯ ಕಣ್ಣೂ ಅಲ್ಲಿಗೇ ಬಂತು. ಬೀಗರು ತಮ್ಮ ತಲೆಯ ಒದ್ದೆ ವಲ್ಲಿ ಮುಟ್ಟಿಕೊಂಡು, ‘ನಂದು ಮೊನ್ನೇನ ಹೋಗ್ಯಾದ್ರಿ ಬೀಗರ’ ಎಂದು ಮೆತ್ತಗೆ ಹೇಳಿದರು.

ಆಗ ಅರ್ಥವಾಯಿತು ಅವರ ತಲೆ ಯಾಕೆ ಹಾಗಿತ್ತೆಂದು. ನಾನು ಎರಡೂ ಕೈಯಿಂದ ರುಮಾಲು ತೆಗೆದೆ. ಹನ್ನೆರಡು ವರ್ಷ ಒಗೆದೊಗೆದು ಅದು ಬೆಣ್ಣೆಯಾಗಿತ್ತು. ಮಳೆಯಲ್ಲಿ ಕೊಡೆ ಹಿಡಿದು ಕಾಪಾಡಿದ್ದರಿಂದ ಒಣಗಿಯೂ ಇತ್ತು. ‘ಎಷ್ಟು ತುಂಡು ಆಗಬಹುದ್ರಿ?’ ಎಂದು ಬೀಗರು ಕೇಳಿದರು. ‘ಹದಿನಾರು’ ಎಂದೆ. ಗುರವ್ವ ಪರ್ ಪರ್ ಎಂದು ಹರಿದಳು. ಹದಿನೈದೇ ಆದವು. ಒಂದು ತುದಿ ನನ್ನ ತಲೆಯ ಬೆವರಿಗೆ ಜೀರ್ಣವಾಗಿತ್ತು. ಮೊದಲ ತುಂಡನ್ನು ಸುತ್ತಿದ ಕೂಡಲೇ ಕೂಸು ಸುಮ್ಮನಾಯಿತು. ಮಾಲೀಕರು ಎಲ್ಲರ ಎದುರು ಸುತ್ತಿದ ಮರ್ಯಾದೆ ಮರುಗಳಿಗೆಯಲ್ಲೇ ಒದ್ದೆಯಾಯಿತು. ನನಗೆ ಎಂಥ ಸುಖವಾಯಿತೆಂದು ಹೇಳಲು ನನ್ನ ಎರಡು ಮಳೆಗಾಲದ ಅಕ್ಷರ ಸಾಲುವುದಿಲ್ಲ. ತೊಟ್ಟಿಲ ಕಾರ್ಯದಲ್ಲಿ ಇಬ್ಬರು ಬೀಗರೂ ತಲೆಗೆ ಒಂದೊಂದು ಒದ್ದೆ ವಲ್ಲಿ ಸುತ್ತಿಕೊಂಡು, ಹಣೆಯ ಮೇಲೆ ನೀರು ಇಳಿಸಿಕೊಂಡು, ನಗುತ್ತ ಕುಳಿತಿದ್ದೆವು.

ಗುರವ್ವ ಮಗನ ಜೊತೆ ಮೂರು ದಿನ ಬಿಟ್ಟು ಬರುವವಳು. ನಾನು ಕೆಲಸಕ್ಕೆಂದು ಮರುದಿನವೇ ಹೊರಟೆ. ಹೊರಡುವಾಗ ನನ್ನ ವಲ್ಲಿಯನ್ನೂ ಕೂಸಿನ ಬದಿಗೆ ಇಟ್ಟು ಬಂದೆ. ಯಾರೂ ಕೇಳಿರಲಿಲ್ಲ.

ಬರಿತಲೆಯಲ್ಲಿ ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಮಂದಿ ನನ್ನ ನೋಡಿ ದಾರಿ ಬಿಡತೊಡಗಿದರು. ನಮ್ಮ ಕಡೆ ನನ್ನ ವಯಸ್ಸಿನ ಗಂಡಸು ಬರಿತಲೆಯಲ್ಲಿ ತಿರುಗುವುದು ಮನೆಯಲ್ಲಿ ಸಾವಾದಾಗ ಮಾತ್ರ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸಂತೋಷದಲ್ಲಿ ತಲೆ ಇದೆ ಎಂಬುದೇ ಮರೆತಿತ್ತು. ದಾರದ ಉಂಡೆ ಕೊಳ್ಳಲು ವಾಡಿಗೆ ಬಂದಿದ್ದ ಇಮಾಮಸಾಬ ದೂರದಿಂದ ನನ್ನ ನೋಡಿದ. ಹೋಗುವಾಗ ಇಬ್ಬರು, ಬರುವಾಗ ಒಬ್ಬ, ತಲೆ ಬರಿದು. ಓಡಿ ಬಂದು ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟ. ‘ಯಾ ಅಲ್ಲಾ! ಹ್ಯಾಂಗಾತು ಶರಣಪ್ಪಾ? ಮೊನ್ನಿ ಅಂಗಿ ಒಯ್ಯೂಮುಂದ ಗುರವ್ವ ಛಲೋ ಇದ್ಲಲ್ಲೋ!’

ನಾನು ಹಲ್ಲು ಬಿಟ್ಟು ನಗುತ್ತಿದ್ದೆ. ‘ನಗಬ್ಯಾಡೋ, ಅತ್ತುಬಿಡು, ಎದಿ ಹಗರ ಆಗತದ’ ಎಂದು ಬೆನ್ನು ಸವರಿದ. ಸುತ್ತ ನಿಂತವರಿಗೆ, ‘ದುಃಖ ತಲಿಗೇರ್ಯಾದ ಪಾಪ’ ಎಂದ.

‘ಯಾರೂ ಹೋಗಿಲ್ಲೋ ಇಮಾಮಸಾಬ, ಮೊಮ್ಮಗಳು ಬಂದಾಳ! ಹೋಗಿದ್ದು ರುಮಾಲಷ್ಟ!’ ಎಂದು ನಾನು ಅವನಿಗೆ ಎಲ್ಲ ತಿಳಿಸಿ ಹೇಳುವಷ್ಟರಲ್ಲಿ, ನಮ್ಮ ಓಣಿಯವರಿಬ್ಬರು ಅವನ ಅಳುವನ್ನಷ್ಟೇ ನೋಡಿ ಹೊರಟು ನಿಂತಿದ್ದ ಗಾಡಿ ಹತ್ತಿ ಹೋಗಿಯಾಗಿತ್ತು. ಮುಂದಿನ ಗಾಡಿಗೆ ಬಂದು ಶಹಾಬಾದದಲ್ಲಿ ನಾನು ಮನೆ ಮುಟ್ಟಿದಾಗ ಕಟ್ಟೆಯ ತುಂಬ ಹೆಂಗಸರು. ಮಲ್ಲವ್ವ ಹಾಡಿಕೊಂಡು ಅಳುತ್ತಿದ್ದಳು. ಒಲೆ ಹೊತ್ತಿಸದ ಮನೆಯೆಂದು ರೊಟ್ಟಿ, ಪುಂಡಿಪಲ್ಯ ತಂದಿಟ್ಟಿದ್ದಳು. ಜೊತೆಗೆ ಬಂದಿದ್ದ ಇಮಾಮಸಾಬ ಆಣೆ ಮಾಡಿ ಹೇಳಿದ ಮೇಲೆ ನಂಬಿ ಬೈದುಕೊಂಡು ಹೋದರು. ಪುಂಡಿಪಲ್ಯ ಮಾತ್ರ ಭಾಳ ರುಚಿಯಾಗಿತ್ತು.

ಮೂರು ದಿನಕ್ಕೆ ಗುರವ್ವ ಬಂದಳು. ಕಥೆಯೆಲ್ಲ ಕೇಳಿ, ಬೈಯುತ್ತಾಳೆ ಅಂದುಕೊಂಡರೆ, ಹತ್ತಿರ ಬಂದು ಕುಳಿತು ಮೆಲ್ಲಗೆ, ‘ಎಷ್ಟು ಮಂದಿ ಅತ್ರು? ಅಂದಾಜು ಹೇಳ್ರಿ’ ಎಂದಳು.

‘ಹದಿನೇಳು’ ಎಂದೆ.

‘ನೀವು?’

‘ನಾ ನಗಾಕತ್ತಿದ್ದೆ.’

‘ಅದೂ ಹೇಳಿದ್ಲು ಮಲ್ಲವ್ವ’ ಎಂದು ಎದ್ದು ಹೋಗಿ, ಗುಮ್ಮಿಯ ಹಿಂದಿನ ಗಂಟು ತೆಗೆದು ನನ್ನ ಕಣ್ಣೆದುರು ಧೂಳು ಝಾಡಿಸಿದಳು.

ಆ ಹದಿನೆಂಟು ಅಂಗಿ ಒಗೆದೊಗೆದು ಮೆತ್ತಗಾಗುವಷ್ಟರಲ್ಲಿ ಕೂಸು ಅವನ್ನು ಮೀರಿ ಬೆಳೆದಿತ್ತು. ಕೂಸಿಗೆ ಅರಿವೆ ಎಷ್ಟು ಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅಂದು ನನ್ನನ್ನು ಅಪ್ಪಿಕೊಂಡು ಅತ್ತಿದ್ದಕ್ಕೆ ನಾಚಿದ ಇಮಾಮಸಾಬ, ಎಲ್ಲಿಂದಲೋ ಒಂದು ರುಮಾಲಿನ ಬಟ್ಟೆ ಹುಡುಕಿ ಅಂಚು ಹೊಲಿದು ಕೊಟ್ಟ. ಒರಟು ಬಟ್ಟೆ, ಆದರೂ ತಲೆ ತಲೆಯಾಯಿತು. ಈಗ ರಾವೂರಿಗೆ ಕೊಟ್ಟ ನಮ್ಮ ಕಿರಿಮಗಳು ದಿನ ತುಂಬಿ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಇತ್ತೀಚೆಗೆ ಗುರವ್ವ ನನ್ನ ಈ ಹೊಸ ರುಮಾಲನ್ನು ದಿನಬಿಟ್ಟು ದಿನ ಫರಸಿಯ ಮೇಲೆ ಬಡಿಬಡಿದು ಒಗೆಯುತ್ತಾಳೆ. ‘ಮೈಲಿ ಆಗಿಲ್ಲಲ್ಲ, ಯಾಕ ಇಷ್ಟು ಒಗೀತಿ?’ ಎಂದು ನಿನ್ನೆ ಕೇಳಿದೆ. ಆಕೆ ಬಟ್ಟೆಯನ್ನು ಹಿಂಡಿ, ಗಲ್ಲಕ್ಕೆ ಒತ್ತಿ ನೋಡಿ, ‘ಇನ್ನಾ ಮೆತ್ತಗಾಗಿಲ್ಲ’ ಎಂದಳು.