ಹೂಂ ಎನ್ನುವವರ ಓಟು

ನಮ್ಮ ಕಡೆ 'ಇಲ್ಲ' ಎಂಬ ಶಬ್ದಕ್ಕೆ ಭಾರೀ ಬರ. ಅದರಲ್ಲೂ ಅಂಗಡಿಕಾರನ ಬಾಯಲ್ಲಿ ಅದು ಬರಲೇಬಾರದು. ಕೇಶ್ವಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಗುಂಡಿ, ದಾರ, ಲೇಸು, ಸೀರೆಯ ಫಾಲು, ಇಷ್ಟೇ ವ್ಯಾಪಾರ. "ಈ ಸೀರಿಗೆ ಹೊಂದೋ ಫಾಲ್ ಐತೇನ್ರಿ?" ಎಂದು ಯಾರಾದರೂ ಕೇಳಿದರೆ, ಆ ಬಣ್ಣವನ್ನು ನಾನು ಜನ್ಮದಲ್ಲಿ ಕಂಡಿರದಿದ್ದರೂ "ನಾಳೆ ಬರ್ತೈತ್ರಿ" ಎನ್ನುತ್ತೇನೆ. ಆ ನಾಳೆ ಬರುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಅವರು ನಗುತ್ತ ಹೋಗುತ್ತಾರೆ, ನಾನು ನಗುತ್ತ ಕೂಡುತ್ತೇನೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ ಸುಳ್ಳು ಎನ್ನುತ್ತಾಳೆ. ನಾನು ಮರ್ಯಾದೆ ಎನ್ನುತ್ತೇನೆ.

ಈ ಮರ್ಯಾದೆಗೆ ಖರೇ ಪರೀಕ್ಷೆ ಬರುವುದು ಚುನಾವಣೆಯಲ್ಲಿ. ನನ್ನ ಅಂಗಡಿಯ ಎಡಕ್ಕೆ ಈರಣ್ಣನ ಚಹಾದ ಅಂಗಡಿ, ಬಲಕ್ಕೆ ಟೇಲರ್ ಗುರುಸಿದ್ದನ ಅಂಗಡಿ. ಈರಣ್ಣ ಒಂದು ಪಕ್ಷದ ಕಟ್ಟಾಳು, ಗುರುಸಿದ್ದ ಅದರ ಎದುರು ಪಕ್ಷದ ಕಟ್ಟಾಳು. ಈರಣ್ಣನ ಚಹಾ ಇಲ್ಲದಿದ್ದರೆ ನನಗೆ ಬೆಳಗೇ ಆಗುವುದಿಲ್ಲ. ಗುರುಸಿದ್ದ ಇಲ್ಲದಿದ್ದರೆ ನನ್ನ ಅಂಗಡಿಯ ದಾರದ ಉಂಡೆ ಉರುಳುವುದಿಲ್ಲ. ಇಬ್ಬರಲ್ಲಿ ಒಬ್ಬನ ಮುಖ ಬಾಡಿದರೂ ನನ್ನ ನೆಮ್ಮದಿ ಹೋಯಿತೆಂದೇ ಲೆಕ್ಕ. ಹೀಗಾಗಿ ನನ್ನ ಓಟು ಯಾರಿಗೆ ಎನ್ನುವುದು ದೊಡ್ಡ ಮಾತಲ್ಲ; ಅದು ಇವರಿಬ್ಬರಿಗೂ ತಿಳಿಯದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಮಾತು.

ಚುನಾವಣೆಗೆ ಮೊದಲು ಇಬ್ಬರೂ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ತಿರುಗುತ್ತಾರೆ. ನಮ್ಮವರು ಎಂದು ಖಾತ್ರಿಯಾದರೆ ಹೆಸರಿನ ಮುಂದೆ ಹಸಿರು, ಎದುರಿನವರಾದರೆ ಕೆಂಪು, ಸಂಶಯವಿದ್ದರೆ ಹಳದಿ. ಹಸಿರಿನವರನ್ನು ಓಟಿನ ದಿನ ಮತಗಟ್ಟೆಗೆ ಕರೆತರಬೇಕು, ಹಳದಿಯವರನ್ನು ಇನ್ನೊಮ್ಮೆ ಮಾತಾಡಿಸಬೇಕು, ಕೆಂಪಿನವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಬೇಕು. ಈ ಸಲ ಈರಣ್ಣ ಬಂದು, "ಕಾಕಾ, ಈ ಸರತಿ ನಮಗs ಹೌದಲ್ರಿ?" ಎಂದ. "ಅದನ್ನೂ ಕೇಳ್ಬೇಕೇನೋ ತಮ್ಮಾ? ನಿಮ್ಮದs ಐತಿ ತಗೋ" ಎಂದೆ. ಮಧ್ಯಾಹ್ನ ಗುರುಸಿದ್ದ ಬಂದ. ಅವನಿಗೂ ಅದೇ ಮಾತು, ಮೇಲೆ ಒಂದು ಲೋಟ ಮಜ್ಜಿಗೆ. ಗಿರಿಜಾ ಮಾತ್ರ ಇಬ್ಬರಿಗೂ ಬಾಗಿಲಲ್ಲೇ ಹೇಳಿಬಿಟ್ಟಳು: "ನಾ ಯಾರಿಗೆ ಹಾಕ್ತೇನಿ ಅಂತ ಕಟ್ಕೊಂಡ ಗಂಡಗs ಹೇಳಿಲ್ಲ, ನಿನಗ್ಯಾಕ ಹೇಳ್ಲಿ?" ನನಗೆ ಕಸಿವಿಸಿಯಾಯಿತು. ಮನೆಗೆ ಬಂದವರೊಡನೆ ಹೀಗೆ ಮಾತಾಡುವುದೇ? ಅವಳ ಪಾಲಿನ ಮಜ್ಜಿಗೆಯನ್ನೂ ನಾನೇ ಕೊಟ್ಟು ಕಳಿಸಿದೆ.

ಓಟಿನ ದಿನ ಬಿಸಿಲು ಏರುವ ಮೊದಲೇ ಹೋಗಬೇಕೆಂದುಕೊಂಡಿದ್ದೆ. ಆದರೆ ಅಂಗಡಿಗೆ ರಜೆ ಇದ್ದ ದಿನ ನನ್ನ ಕಾಲಿಗೂ ರಜೆ. ಅವಲಕ್ಕಿ ತಿಂದು ಪೇಪರು ಹರಡಿಕೊಂಡು ಕೂತೆ. ಫೋನು ಬಂತು. "ಕಾಕಾ, ಇನ್ನೂ ಬಂದಿಲ್ಲಲ್ರಿ!" ಈರಣ್ಣ. ಅದನ್ನು ಇಡುತ್ತಿದ್ದಂತೆ ಗುರುಸಿದ್ದನ ಫೋನು: "ಕಾಕಾ, ಗಾಡಿ ಕಳಸ್ಲೇನ್ರಿ?" ನಾನು ಬಂದಿಲ್ಲವೆಂದು ಇವರಿಗೆ ಹೇಗೆ ತಿಳಿಯಿತು? ಮತಗಟ್ಟೆಯ ಒಳಗೆ ಒಂದೊಂದು ಪಕ್ಷಕ್ಕೂ ಒಬ್ಬ ಏಜೆಂಟ ಕೂತಿರುತ್ತಾನಂತೆ. ಅಧಿಕಾರಿ ಹೆಸರು ಕೂಗಿದ ಹಾಗೆಲ್ಲ ತನ್ನ ಪಟ್ಟಿಯಲ್ಲಿ ಗೆರೆ ಎಳೆಯುತ್ತಾನಂತೆ. ಯಾರ‍್ಯಾರು ಬಂದು ಹೋದರು ಎಂಬ ಸುದ್ದಿ ಆಗಾಗ ಹೊರಗಿನ ಟೇಬಲ್ಲಿಗೆ ಮುಟ್ಟುತ್ತದೆ. ಗೆರೆ ಬೀಳದವರ ಮನೆಗೆ ಅಲ್ಲಿಂದ ಫೋನು ಹೋಗುತ್ತದೆ. ನಾನು ಊಟಕ್ಕೆ ಬರುವುದು ತಡವಾದರೆ ನನ್ನ ಮನೆಯಲ್ಲೇ ಇಷ್ಟು ವಿಚಾರಿಸುವವರಿಲ್ಲ. ಖುಷಿಯಿಂದ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಿರಿಜಾಳೊಡನೆ ಹೊರಟೆ.

ಮತಗಟ್ಟೆ ಇದ್ದ ಸಾಲೆಯಿಂದ ಸ್ವಲ್ಪ ದೂರದಲ್ಲಿ, ರಸ್ತೆಯ ಆಚೆ ಈಚೆ ಎರಡೂ ಪಕ್ಷದ ಟೇಬಲ್ಲು. ಈರಣ್ಣ ನನ್ನ ಕ್ರಮಸಂಖ್ಯೆ ಬರೆದ ಚೀಟಿ ಕೊಟ್ಟ, ತೆಗೆದುಕೊಂಡೆ. ಗುರುಸಿದ್ದನೂ ಕೊಟ್ಟ, ಅದನ್ನೂ ತೆಗೆದುಕೊಂಡೆ. ಒಂದು ಮೇಲಿನ ಕಿಸೆಗೆ, ಒಂದು ಕೆಳಗಿನ ಕಿಸೆಗೆ. "ಬಸ್ಸಿನಾಗ ಎರಡೆರಡು ಟಿಕೀಟು ತಗದವರ ಹಂಗ ಮಾಡ್ತೀರಲ್ರಿ" ಎಂದಳು ಗಿರಿಜಾ. ಒಳಗೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಆ ರಟ್ಟಿನ ಮರೆಗೆ ಹೋದೆ. ನಿಜ ಹೇಳುತ್ತೇನೆ, ಅಲ್ಲಿ ನಿಂತಾಗ ನನಗೆ ಬಹಳ ಹಗುರವೆನಿಸುತ್ತದೆ. ಒಂದು ಗುಂಡಿ ಒತ್ತಿ, ಉಳಿದವರಿಗೆಲ್ಲ ಒಂದೇ ಏಟಿಗೆ 'ಇಲ್ಲ' ಎಂದುಬಿಡಬಹುದಾದ ಜಾಗ ನನ್ನ ಪಾಲಿಗೆ ಅದೊಂದೇ. ಯಾರ ಮುಖವೂ ಬಾಡುವುದಿಲ್ಲ. ಒತ್ತಿದೆ, ಕುಂಯ್ ಎಂದಿತು, ಎದೆಯುಬ್ಬಿಸಿ ಹೊರಗೆ ಬಂದೆ.

ಟೇಬಲ್ಲುಗಳನ್ನು ದಾಟುವಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಅಡ್ಡ ಬಂದಳು. "ಸರ್, ಮತಗಟ್ಟೆ ಸಮೀಕ್ಷೆ. ಯಾರಿಗೆ ಹಾಕಿದಿರಿ ಅಂತ ಹೇಳ್ತೀರಾ?" ಈಚೆ ಈರಣ್ಣ ಕುರ್ಚಿಯಿಂದ ಅರ್ಧ ಎದ್ದ. ಆಚೆ ಗುರುಸಿದ್ದ ಪೂರ್ತಿ ಎದ್ದ. "ನನ್ನನ್ನs ಯಾಕ್ ಹಿಡದ್ಯವಾ?" ಎಂದೆ. ಅವಳು ನಿಧಾನವಾಗಿ ತಿಳಿಸಿದಳು. ಮನಸ್ಸಿಗೆ ಬಂದವರನ್ನು ಹಿಡಿಯುವ ಹಾಗಿಲ್ಲವಂತೆ. ಹೊರಬರುವವರಲ್ಲಿ ಇಷ್ಟು ಜನರನ್ನು ಬಿಟ್ಟು ಒಬ್ಬರು, ಮತ್ತೆ ಇಷ್ಟು ಜನರನ್ನು ಬಿಟ್ಟು ಇನ್ನೊಬ್ಬರು, ಹೀಗೆ ಕೇಳಬೇಕಂತೆ. ಹೆಸರು ಬೇಡ, ವಯಸ್ಸು ಉದ್ಯೋಗ ಸಾಕು. ಬಾಯಿಬಿಟ್ಟು ಹೇಳುವುದೂ ಬೇಡ, ಈ ಟ್ಯಾಬಿನಲ್ಲಿ ಚಿಹ್ನೆ ಒತ್ತಿದರಾಯಿತು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕುವುದಿಲ್ಲವೇ, ಹಾಗೆ. ಇಡೀ ಓಣಿಯ ಅಗುಳು ನಾನು! ಹೆಮ್ಮೆಯಿಂದ ಟ್ಯಾಬು ಹಿಡಿದು ಕಣ್ಣು ಕಿರಿದು ಮಾಡಿ ನೋಡಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಎರಡು ದನಿ ಒಟ್ಟಿಗೇ ಕೇಳಿದವು: "ಚಾಳೀಸು ತಂದಿಲ್ಲೇನ್ರಿ ಕಾಕಾ? ನಾವs ತೋರಸ್ತೀವಿ ತಗೋರಿ."

ಎಡಕ್ಕೆ ಚಹಾ, ಬಲಕ್ಕೆ ದಾರ, ನಡುವೆ ನಾನು. ಅಂಗಡಿಯಲ್ಲಿ ಇಷ್ಟು ವರ್ಷ ಆಡಿದ ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತು. ಆ ಹೆಣ್ಣುಮಗಳಿಗೆ, "ನಿಮಗ ಯಾವುದು ಬೇಕಾಗಿತ್ರಿ?" ಎಂದೆ.

"ನನಗೇನೂ ಬೇಡ ಸರ್! ನೀವು ಹಾಕಿದ್ದು ಒತ್ತಿ ಸಾಕು" ಎಂದು ಅವಳು ಗಾಬರಿಯಾದಳು. ಪಾಪ, ಬಿಸಿಲಲ್ಲಿ ನಿಂತು ಮುಖವೆಲ್ಲ ಕೆಂಪಾಗಿತ್ತು. ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ಇಬ್ಬರದೂ ಅಲ್ಲದ, ನಾನೂ ಹಾಕಿರದ, ಮೂಲೆಯಲ್ಲಿದ್ದ ಯಾವುದೋ ಚಿಹ್ನೆ ಒತ್ತಿ, "ಚಹಾ ಕುಡದೀಯೇನವಾ?" ಎಂದು ಕೇಳಿ ಟ್ಯಾಬು ಹಿಂದಿರುಗಿಸಿದೆ. ಅದು ಯಾರ ಚಿಹ್ನೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಹಿಂದಿನವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. "ಅಂಜಬ್ಯಾಡ್ರಿ ಕಾಕಾ. ನಿಮ್ಮ ಹೆಸರಿನ ಮುಂದ ನಾವಿಬ್ಬರೂ ಹಳದೀನs ಹಚ್ಚೇವಿ."

"ಹಳದಿ? ನಿಮ್ಮದs ಐತಿ ಅಂತ ಹೇಳಿದ್ನಲ್ಲೋ!" ನನಗೆ ಖರೇ ಸಿಟ್ಟು ಬಂತು.

"ಅದಕ್ಕs ರೀ," ಎಂದ ಗುರುಸಿದ್ದ. "ನಮ್ಮ ಓಣ್ಯಾಗ ಕೇಳಿದ ಕೂಡ್ಲೆ ಹೂಂ ಅಂದವ್ರಿಗೆಲ್ಲಾ ಹಳದಿ. ಮಜ್ಜಗಿ ಕೊಟ್ಟ್ರ ಎರಡು ಸರತಿ ಹಳದಿ."

"ಹಂಗಾರ ನಿಮ್ಮ ಕಾಕೂಗ ಯಾವ ಬಣ್ಣ?"

ಇಬ್ಬರೂ ಗಿರಿಜಾಳ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ಕಾಕೂಗ ಬಣ್ಣ ಹಚ್ಚೋ ಧೈರ್ಯ ಯಾರಿಗೈತ್ರಿ?"

ಅದೇ ಸಂಜೆ ಟಿವಿಯಲ್ಲಿ ಸಮೀಕ್ಷೆಗಳ ಜಾತ್ರೆ. ಒಂದು ಚಾನೆಲ್ಲಿನಲ್ಲಿ ಈರಣ್ಣನ ಪಕ್ಷ ಗೆದ್ದಿತ್ತು, ಇನ್ನೊಂದರಲ್ಲಿ ಗುರುಸಿದ್ದನ ಪಕ್ಷ. ನಾನು ಮೂಲೆಯ ಚಿಹ್ನೆಯನ್ನು ಎಲ್ಲ ಕಡೆ ಹುಡುಕಿದೆ. ಪಾಪ, ಅದು 'ಇತರರು' ಎಂಬ ಚೀಲದೊಳಗೆ ಸೇರಿಹೋಗಿತ್ತು. ಅಷ್ಟರಲ್ಲಿ ಪರದೆಯ ಬುಡದಲ್ಲಿ ಸಣ್ಣ ಅಕ್ಷರದ ಸಾಲೊಂದು ಹರಿಯಿತು: ಈ ಲೆಕ್ಕದಲ್ಲಿ ಇಷ್ಟು ಹೆಚ್ಚುಕಮ್ಮಿ ತಪ್ಪಾಗುವ ಸಂಭವವಿದೆ. ಗಿರಿಜಾ ಮೆಂತ್ಯೆಸೊಪ್ಪು ಸೋಸುವುದನ್ನು ನಿಲ್ಲಿಸಿ ಬೆರಳು ತೋರಿಸಿದಳು.

"ಅಲ್ಲಿ ಕೆಳಗ ನೋಡ್ರಿ. ನಿಮ್ಮ ಸುದ್ದಿನs ಬರದಾರ. ಹೌದಲ್ಲ?"

ಜನ್ಮದಲ್ಲಿ ಒಮ್ಮೆಯಾದರೂ ಇವಳ ಮುಖಕ್ಕೆ 'ಇಲ್ಲ' ಎಂದುಬಿಡಬೇಕು ಎಂದು ನೆಟ್ಟಗೆ ಕೂತೆ, ಬಾಯಿ ತೆರೆದೆ.

"ಹೂಂ, ಇರಬೇಕು ನೋಡು" ಎಂದೆ.